ಅಕ್ಕ ಕಿತ್ತ ನವಣೆ

ಮಾರ್ಚ್ 4, ಸೋಮವಾರ

ಅಕ್ಕ ಬಂದಿಳಿದಳು. ಎರಡು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ, ಒಂದು ಮಡಚುವ ಕುರ್ಚಿ, ಜೊತೆಗೆ ತನ್ನದೇ ಒಂದು ಪೊರಕೆ. ಪೊರಕೆ ಯಾಕೆ ಹೊತ್ತು ತಂದೆ ಎಂದು ಕೇಳಿದ್ದಕ್ಕೆ, ನಿನ್ನ ಮನೆಯಲ್ಲಿ ಇರುವುದಿಲ್ಲವೆಂದು ಗೊತ್ತಿತ್ತು ಎಂದಳು. ಇದೆ ಎಂದು ತೋರಿಸಿಯೇ ಬಿಡೋಣವೆಂದು ಬಾಗಿಲ ಹಿಂದೆ, ಮಂಚದ ಕೆಳಗೆ, ಬಚ್ಚಲಲ್ಲಿ ಎಲ್ಲ ಹುಡುಕಿದೆ. ಸಿಗಲಿಲ್ಲ. ಅಷ್ಟರಲ್ಲಿ ಅವಳು ಅರ್ಧ ಮನೆ ಗುಡಿಸಿಯಾಗಿತ್ತು.

ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯ ದಿನದವರೆಗೆ ಒಂದು ದೊಡ್ಡಾಸ್ಪತ್ರೆಯ ಬಟ್ಟೆ ಉಗ್ರಾಣ ನೋಡಿಕೊಂಡವಳು ಅವಳು. ಚಾದರ, ದಿಂಬಿನ ಚೀಲ, ವೈದ್ಯರ ನಿಲುವಂಗಿ, ಎಲ್ಲವೂ ಅವಳ ಕೈ ದಾಟಿಯೇ ಒಳಗೆ ಹೋಗಬೇಕಿತ್ತು. ಭಾವ ತೀರಿಕೊಂಡ ಮೇಲೂ ಆಸ್ಪತ್ರೆಯ ವಸತಿಗೃಹದಲ್ಲೇ ಇದ್ದಳು. ಈಗ ಸ್ವಂತಕ್ಕೆ ಒಂದು ಪುಟ್ಟ ಮನೆ ಕೊಂಡಿದ್ದಾಳೆ. ನೆಲ ಹಾಸುವ ಕೆಲಸ ಮುಗಿದಿಲ್ಲ. ಏಪ್ರಿಲ್ ಕೊನೆಗೆ ಮುಗಿಸಿಕೊಡುತ್ತೇನೆಂದು ಮೇಸ್ತ್ರಿ ಹೇಳಿದ್ದಾನಂತೆ. ಅಲ್ಲಿಯವರೆಗೆ ನನ್ನ ಪಾಲಿಗೆ ಬಂದಿದ್ದಾಳೆ.

ನಾನು ಒಬ್ಬನೇ ಇದ್ದು ರೂಢಿಯಾದವನು. ಎರಡು ತಿಂಗಳು ತಾನೇ, ಹಲ್ಲು ಕಚ್ಚಿಕೊಂಡು ಇದ್ದರಾಯಿತು.

ಮಾರ್ಚ್ 6, ಬುಧವಾರ

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಚಾದರಗಳೆಲ್ಲ ನಡುಮನೆಯಲ್ಲಿ ರಾಶಿ ಬಿದ್ದಿದ್ದವು. ಅಕ್ಕ ನೆಲದ ಮೇಲೆ ಕೂತು ಒಂದೊಂದರ ಅಂಚು ಹಿಡಿದು ಮೆಲ್ಲಗೆ ಎಳೆದು ನೋಡುತ್ತಿದ್ದಳು. ಎಳೆದಾಗ ತಡೆದುಕೊಂಡದ್ದು ಬಲಗಡೆಗೆ, ಪರ್ ಎಂದದ್ದು ಎಡಗಡೆಗೆ. ಬಲಗಡೆಗೆ ಹೋದದ್ದು ಒಂದೇ ಒಂದು, ಅದೂ ಅವಳೇ ಯಾವತ್ತೋ ಕೊಟ್ಟದ್ದು.

ನಾನು ಒಲೆಯ ಪಕ್ಕ ನಿಂತು ಪಾತ್ರೆಯಿಂದಲೇ ಚಮಚದಲ್ಲಿ ತಿನ್ನುವುದನ್ನು ನೋಡಿ ತಟ್ಟೆ ಎಲ್ಲಿ ಎಂದಳು. ತೊಳೆಯುವುದೊಂದು ಉಳಿಯುತ್ತದೆ ಎಂದು ವಿವರಿಸಿದೆ. ಕುದುರೆ ಕೂಡ ನಿಂತೇ ತಿನ್ನುತ್ತದೆ, ಆದರೆ ಅದು ಸಂಶೋಧನೆ ಮಾಡುವುದಿಲ್ಲ ಎಂದಳು.

ಮಾರ್ಚ್ 9, ಶನಿವಾರ

ಕುಂಡಗಳು ಬಂದವು. ಸಂಸ್ಥೆಯ ಗಾಜಿನ ಮನೆಯ ಚಾವಣಿ ಬದಲಿಸುತ್ತಿದ್ದಾರೆ, ಬಿಸಿಲಿರುವ ಬೇರೆ ಜಾಗವಿಲ್ಲ. ನಾನಿರುವುದು ಮೇಲಿನ ಮಹಡಿ, ತಾರಸಿ ನನ್ನದೇ ಪಾಲಿನದು. ನಿರ್ದೇಶಕಿ ಒಪ್ಪಿದಳು. ಅವಳು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ನನ್ನ ಮೇಲಧಿಕಾರಿ. ಎದುರಿಗೆ ನೀವು ಎನ್ನುತ್ತೇನೆ. ಇಲ್ಲಿ ಬರೆಯುವಾಗ ಆ ಕಟ್ಟುಪಾಡಿಲ್ಲ.

ತೊಂಬತ್ತಾರು ಕುಂಡ, ತೊಂಬತ್ತಾರು ನವಣೆ ಗಿಡ, ಈಗ ಗೇಣುದ್ದ. ಪ್ರತಿಯೊಂದರಲ್ಲೂ ಸಂಖ್ಯೆ ಬರೆದ ಒಂದು ಬಿಳಿ ಕಡ್ಡಿ. ಪ್ರತಿ ಗಿಡದಿಂದ ಚೂರು ಎಲೆ ಕತ್ತರಿಸಿ ಅದೇ ಸಂಖ್ಯೆ ಹಾಕಿ, ಮುಂದೆ ಜೀನ್ ಪರೀಕ್ಷೆಗೆ ಬೇಕೆಂದು, ಸಂಸ್ಥೆಯ ಶೀತಪೆಟ್ಟಿಗೆಯಲ್ಲಿಟ್ಟಿದ್ದೇನೆ. ಜುಲೈನಲ್ಲಿ ನನ್ನ ನಿವೃತ್ತಿ. ಇನ್ನೊಂದು ಬೆಳೆ ತೆಗೆಯಲು ಸಮಯವೂ ಇಲ್ಲ, ಕೊಡುವವರೂ ಇಲ್ಲ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಈ ಕುಂಡಗಳಲ್ಲಿ ಸಿಗಬೇಕು, ಇಲ್ಲವಾದರೆ ಇಲ್ಲ.

ಅಕ್ಕ ಮಡಚುವ ಕುರ್ಚಿಯನ್ನು ತಾರಸಿಗೆ ಒಯ್ದು ಕುಂಡಗಳ ನಡುವೆ ಹಾಕಿಕೊಂಡು ಕೂತಳು. ಆಸ್ಪತ್ರೆಯ ವಾರ್ಡು ಇದ್ದ ಹಾಗಿದೆ ಎಂದಳು.

ಮಾರ್ಚ್ 17, ಭಾನುವಾರ

ಇಷ್ಟು ವರ್ಷ ಏನು ಓದಿದೆ ಎಂದು ಅಕ್ಕ ಕೇಳಿದಳು. ನನ್ನನ್ನು ಇದುವರೆಗೆ ಮನೆಯವರು ಯಾರೂ ಕೇಳಿರಲಿಲ್ಲ, ನಾನೂ ಯಾರ ಮನೆಗೂ ಹೆಚ್ಚಾಗಿ ಹೋದವನಲ್ಲ. ಅವಳನ್ನು ಬಸ್ ನಿಲ್ದಾಣದ ಬಳಿ ಕರೆದುಕೊಂಡು ಹೋಗಿ ಚರಂಡಿಯ ಪಕ್ಕ ಬೆಳೆದಿದ್ದ ಹುಲ್ಲು ತೋರಿಸಿದೆ. ನರಿಯ ಬಾಲದಂಥ ಸಣ್ಣ ತೆನೆ, ಎಲ್ಲ ಊರಿನ ಎಲ್ಲ ರಸ್ತೆಯಲ್ಲೂ ಕಾಲಿಗೆ ತಾಗುವ ಕಳೆ. ನವಣೆಯ ಮೂಲ ಇದೇ. ಎಂಟು ಸಾವಿರ ವರ್ಷಕ್ಕೂ ಹಿಂದೆ ಉತ್ತರದ ಒಂದು ನದಿ ಬಯಲಲ್ಲಿ ಜನ ಈ ಕಳೆಯನ್ನು ಪಳಗಿಸಿದರು.

ತೆನೆಯನ್ನು ಬೆರಳಿನಿಂದ ಎಳೆದೆ, ಕಾಳೆಲ್ಲ ಉದುರಿತು. ಅದೇ ವ್ಯತ್ಯಾಸ. ಕಾಡಿನದು ಬಲಿತ ತಕ್ಷಣ ಕಾಳನ್ನು ಕೈಬಿಡುತ್ತದೆ, ಇಲ್ಲದಿದ್ದರೆ ಅದರ ವಂಶ ಬೆಳೆಯುವುದಿಲ್ಲ. ಹೊಲದ್ದು ಕೈಬಿಡುವುದಿಲ್ಲ, ಯಾರಾದರೂ ಬಂದು ಕೊಯ್ಯಲಿ ಎಂದು ಹಿಡಿದುಕೊಂಡೇ ನಿಲ್ಲುತ್ತದೆ. ಎರಡನ್ನೂ ಕೂಡಿಸಿ ಬೆಳೆದ ಮೊದಲ ತಲೆಮಾರು ಪೂರ್ತಿ ಉದುರಿಸಿತು. ತಾರಸಿಯಲ್ಲಿರುವುದು ಎರಡನೆಯ ತಲೆಮಾರು. ಹಿಡಿದುಕೊಳ್ಳುವ ಗುಣವನ್ನು ನಿರ್ಧರಿಸುವುದು ಮುಖ್ಯವಾಗಿ ಒಂದೇ ಜೀನ್ ಆಗಿದ್ದರೆ, ನಾಲ್ಕರಲ್ಲಿ ಒಂದು ಗಿಡ ಹಿಡಿದುಕೊಳ್ಳುತ್ತದೆ. ನಾನು ಹೇಳುತ್ತಿರುವುದು ಅದು. ಇಲ್ಲ, ಇಷ್ಟು ಸುಲಭವಿಲ್ಲ, ನಾಲ್ಕೈದು ಜೀನ್ ಸೇರಿರಬೇಕು ಎನ್ನುವುದು ನಿರ್ದೇಶಕಿಯ ವಾದ.

ನಾಲ್ಕರಲ್ಲಿ ಒಂದೇ ಯಾಕೆ, ಅರ್ಧಕ್ಕರ್ಧ ಯಾಕಲ್ಲ ಎಂದಳು ಅಕ್ಕ. ತಂದೆ, ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಆ ಗುಣ ಕಾಣಿಸುತ್ತದೆ, ಒಂದೇ ಕಡೆಯಿಂದ ಬಂದರೆ ಉದುರುತ್ತದೆ ಎಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ಹಾಗಾದ್ರೆ ನಿನಗೆ ಒಂದೇ ಕಡೆಯಿಂದ ಬಂದಿರಬೇಕು ಕಣೋ ಪುಟ್ಟ" ಎಂದಳು. "ಹದಿನೆಂಟು ತುಂಬ್ತಿದ್ದ ಹಾಗೇ ಉದುರಿ ಹೋದೆ."

ನಾನು ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ವಿಜ್ಞಾನಿ. ನನ್ನನ್ನು ಬಸ್ ನಿಲ್ದಾಣದಲ್ಲಿ ನಿಂತು ಪುಟ್ಟ ಎಂದು ಕರೆಯಬಾರದೆಂದು ಹೇಳಿದೆ. ಆಯ್ತು ಪುಟ್ಟ ಎಂದಳು.

ಮಾರ್ಚ್ 26, ಮಂಗಳವಾರ

ನನ್ನ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದಾಳೆ. ಇದ್ದಲ್ಲಿಗೇ ತಂದಿಟ್ಟೆ. ಮತ್ತೆ ಸರಿಸಿದಳು. ಕಿಟಕಿಯ ಬಳಿ ಓದಲು ಬೆಳಕು ಚೆನ್ನಾಗಿದೆ, ಅದು ಬೇರೆ ವಿಷಯ. ಹೇಳದೆ ಕೇಳದೆ ಸರಿಸಿದ್ದು ತಪ್ಪು.

ಏಪ್ರಿಲ್ 7, ಭಾನುವಾರ

ಗಿಡಗಳು ಸೊಂಟದವರೆಗೆ ಬಂದಿವೆ, ತೆನೆ ಹೊರಟಿವೆ. ಈ ವರ್ಷ ಸೆಕೆ ವಿಪರೀತ, ಎಲ್ಲವೂ ಅವಸರದಲ್ಲಿವೆ.

ಇತ್ತೀಚೆಗೆ ಸಂಜೆ ಆರಕ್ಕೇ ಮನೆಗೆ ಬರುತ್ತಿದ್ದೇನೆ, ಕುಂಡಗಳನ್ನು ನೋಡಬೇಕಲ್ಲ. ಅಕ್ಕ ಅಷ್ಟರಲ್ಲಿ ನೀರು ಹಾಕಿರುತ್ತಾಳೆ. ಹೇಗೂ ಬಂದಾಯಿತೆಂದು ಊಟಕ್ಕೆ ಕೂರುತ್ತೇವೆ. ತಟ್ಟೆಯಲ್ಲಿ ತಿಂದರೆ ಸ್ವಲ್ಪ ಜಾಸ್ತಿ ಸೇರುತ್ತದೆ, ಇದಕ್ಕೆ ಯಾವುದಾದರೂ ಕಾರಣ ಇದ್ದೀತು. ಅವಳು ದಿನವಿಡೀ ತಾರಸಿಯಲ್ಲಿ ಯಾವ ಹಕ್ಕಿ ಬಂತು, ಕೆಳಗಿನ ಮನೆಯವರ ಬೆಕ್ಕು ಎಲ್ಲಿ ಮಲಗಿತ್ತು, ಯಾವ ಕುಂಡದವನು ಉದ್ದವಾದ, ಯಾವನು ಸೊರಗಿದ ಎಂದೆಲ್ಲ ವರದಿ ಒಪ್ಪಿಸುತ್ತಾಳೆ. ಗಿಡಗಳಿಗೆ ಸಂಖ್ಯೆ ಇದೆ, ಅದನ್ನು ಹೇಳು ಎಂದರೆ ಕೇಳುವುದಿಲ್ಲ. ಸಂಸ್ಥೆಯಲ್ಲಿ ನಿನ್ನೆ ನಾನೇ ಒಂದು ಗಿಡವನ್ನು "ಮೂಲೆಯ ಕುಳ್ಳ" ಎಂದುಬಿಟ್ಟೆ. ನಿರ್ದೇಶಕಿ ಹುಬ್ಬೇರಿಸಿದಳು.

ಮೇಸ್ತ್ರಿ ಇನ್ನೂ ಹತ್ತು ದಿನ ತಡವಾಗುತ್ತದೆಂದು ಹೇಳಿಕಳಿಸಿದ್ದಾನೆ. ಅಕ್ಕ ಅವನಿಗೆ ಹಿಡಿಶಾಪ ಹಾಕಿದಳು. ನಾನು ಪಾಪ, ಅವನಿಗೂ ಕಷ್ಟಗಳಿರುತ್ತವೆ ಎಂದೆ.

ಏಪ್ರಿಲ್ 14, ಭಾನುವಾರ

ನಾಳೆ ಪರವೂರಿಗೆ ಹೊರಡಬೇಕು, ವಾರ ಪೂರ್ತಿ ಸಮ್ಮೇಳನ. ಕಾಳು ಬಲಿಯಲು ಇನ್ನೂ ಹನ್ನೆರಡು ಹದಿನೈದು ದಿನ ಬೇಕು. ಬಂದ ಮೇಲೆ ಪ್ರತಿ ತೆನೆಗೂ ತೆಳು ಬಟ್ಟೆಯ ಚೀಲ ಕಟ್ಟಿ, ಬಲಿತ ಮೇಲೆ ಯಾವುದು ಉದುರಿಸಿತು, ಯಾವುದು ಇಲ್ಲ ಎಂದು ನೋಡುವುದು. ಚೀಲಗಳನ್ನೆಲ್ಲ ಅಕ್ಕ ಹೊಲಿದಿಟ್ಟಿದ್ದಾಳೆ. ಒಂದೊಂದರ ಹೊಲಿಗೆಯನ್ನೂ ಎಳೆದು ನೋಡಿದ್ದಾಳೆ.

ಹೊರಡುವ ಮುಂಚೆ ಎರಡು ಮಾತು ಹೇಳಿದ್ದೇನೆ. ದಿನಾ ನೀರು ಹಾಕು. ಕೆಳಗಿನ ಮನೆಯಾಕೆ ಈಗಾಗಲೇ ನೀರು ತೊಟ್ಟಿಕ್ಕುತ್ತದೆ, ಕಸ ಬೀಳುತ್ತದೆ ಎಂದು ಗೊಣಗುತ್ತಿದ್ದಾರೆ, ಅವರಿಂದ ಮಾತು ಬರದ ಹಾಗೆ ನೋಡಿಕೋ. ಅಕ್ಕ ನನ್ನ ಪೆಟ್ಟಿಗೆ ತೆರೆದು ಬಟ್ಟೆಗಳನ್ನೆಲ್ಲ ಹೊರಗೆ ಹಾಕಿ ಮತ್ತೆ ಮಡಚಿ ತುಂಬಿದಳು. ಮೊದಲಿನದಕ್ಕಿಂತ ಅರ್ಧ ಜಾಗ ಉಳಿಯಿತು.

ಏಪ್ರಿಲ್ 18, ಗುರುವಾರ, ಪರವೂರು

ನನ್ನ ಭಾಷಣ ಇಂದು. ಚೆನ್ನಾಗಿಯೇ ಆಯಿತು. ಪಳಗಿಸಬೇಕೆಂದು ಯಾರೂ ಪಳಗಿಸಲಿಲ್ಲ ಎಂದೆ. ಯಾವಾಕೆಯೋ ತೆನೆ ಕೊಯ್ಯಲು ಹೋದಳು. ಉದುರುವ ಕಾಳು ನೆಲದ ಪಾಲಾಯಿತು, ಉದುರದ್ದು ಅವಳ ಬುಟ್ಟಿಗೆ ಬಂತು. ಮುಂದಿನ ವರ್ಷ ಬುಟ್ಟಿಯಲ್ಲಿದ್ದದ್ದನ್ನೇ ಬಿತ್ತಿದಳು. ಅವಳಿಗೆ ಗೊತ್ತಿಲ್ಲ, ಗಿಡಕ್ಕೂ ಗೊತ್ತಿಲ್ಲ. ಹೀಗೇ ಮಾಡುತ್ತ ಮಾಡುತ್ತ ಒಂದು ಕಳೆ ಬೆಳೆಯಾಯಿತು. ಜನ ಚಪ್ಪಾಳೆ ತಟ್ಟಿದರು.

ರಾತ್ರಿ ಊಟ ಎಲ್ಲರೂ ನಿಂತೇ ಮಾಡುವುದು, ಕೈಯಲ್ಲಿ ತಟ್ಟೆ ಹಿಡಿದು. ನನಗೆ ಸರಿಬರಲಿಲ್ಲ, ಕುರ್ಚಿ ಹುಡುಕಿ ಮೂಲೆಯಲ್ಲಿ ಕೂತೆ. ಅಕ್ಕನಿಗೆ ಫೋನ್ ಮಾಡಿದೆ, ಕುಂಡಗಳ ವಿಷಯ ವಿಚಾರಿಸಲು. ತಾರಸಿ ಕನ್ನಡಿಯ ಹಾಗಿದೆ, ಚಿಂತೆ ಮಾಡಬೇಡ ಎಂದಳು. ಆಮೇಲೆ ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆವು, ಬೆಕ್ಕಿನ ವಿಷಯ ಎತ್ತಿದ್ದೇ ಯಾಕೋ ಮಾತು ಬದಲಿಸಿದಳು.

ಏಪ್ರಿಲ್ 22, ಸೋಮವಾರ

ಮುಗಿಯಿತು.

ಏಪ್ರಿಲ್ 23, ಮಂಗಳವಾರ

ನಿನ್ನೆ ಮುಂದೆ ಬರೆಯಲು ಕೈ ಏಳಲಿಲ್ಲ. ಮೆಟ್ಟಿಲು ಹತ್ತಿ ನೇರವಾಗಿ ತಾರಸಿಗೆ ಹೋದೆ. ತಾರಸಿ ನಿಜಕ್ಕೂ ಕನ್ನಡಿಯ ಹಾಗಿತ್ತು. ಖಾಲಿ ಕುಂಡಗಳನ್ನು ತೊಳೆದು ಒಂದರೊಳಗೊಂದು ಕೂರಿಸಿ ಗೋಡೆಗೆ ಸಾಲಾಗಿ ಒರಗಿಸಿಟ್ಟಿದ್ದಳು. ಗಿಡ ಉಳಿದಿದ್ದ ಕುಂಡಗಳು ಒಂದು ಮೂಲೆಯಲ್ಲಿ, ಮೂವತ್ತೂ ಇರಲಿಕ್ಕಿಲ್ಲ.

ಸೆಕೆಗೆ ಎಲ್ಲವೂ ಮೊದಲೇ ಬಲಿತುಬಿಟ್ಟಿದ್ದವಂತೆ. ಕಾಳು ಉದುರಿ ಉದುರಿ ಕೆಳಗಿನ ಮನೆಯಾಕೆಯ ಒಣಹಾಕಿದ ಬಟ್ಟೆಯ ಮೇಲೆಲ್ಲ ಬಿತ್ತಂತೆ, ನೀರು ಹೋಗುವ ಕೊಳವೆ ಕಟ್ಟಿಕೊಂಡಿತಂತೆ, ಆಕೆ ಮೇಲೆ ಬಂದು ಕೂಗಾಡಿದರಂತೆ. ಮಾತು ಬರದ ಹಾಗೆ ನೋಡಿಕೋ ಎಂದು ನಾನು ಹೇಳಿದ್ದೆನಲ್ಲ. ಅದಕ್ಕೇ ಅಕ್ಕ ಉದುರಿಸುವ ಗಿಡಗಳನ್ನೆಲ್ಲ ಕಿತ್ತು ಕಸದ ಗಾಡಿಗೆ ಹಾಕಿದ್ದಾಳೆ. ಒಳ್ಳೆಯವನ್ನು ನಿನಗೆ ಉಳಿಸಿದ್ದೇನೆ ಎಂದು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು.

ನಾನು ಬಾಯಿಗೆ ಬಂದದ್ದು ಆಡಿದೆ. ಇದು ನಿನ್ನ ಆಸ್ಪತ್ರೆಯ ಚಾದರ ಅಲ್ಲ ಎಂದೆ. ನನ್ನ ಕೊನೆಯ ಕೆಲಸ ಕಸದ ಗಾಡಿಗೆ ಹೋಯಿತು ಎಂದೆ. ನೀನು ಬರುವ ಮೊದಲು ನನ್ನ ಮನೆಯಲ್ಲಿ ಎಲ್ಲ ಸರಿಯಾಗಿತ್ತು ಎಂದೂ ಹೇಳಿದೆ.

ಅವಳು "ಸರಿ" ಎಂದಳು. ಅಷ್ಟೇ. ನನ್ನ ಅಕ್ಕ ಒಂದೇ ಶಬ್ದದಲ್ಲಿ ಮಾತು ಮುಗಿಸಿದ್ದನ್ನು ನಾನು ಕಂಡಿದ್ದು ಇದೇ ಮೊದಲು.

ಏಪ್ರಿಲ್ 24, ಬುಧವಾರ

ಅಕ್ಕ ಹೋದಳು. ಒಂದು ಕೋಣೆಯ ನೆಲ ಆಗಿದೆಯಂತೆ, ಸದ್ಯಕ್ಕೆ ಅಷ್ಟು ಸಾಕಂತೆ. ಸಂಜೆ ನಾನು ಬರುವಷ್ಟರಲ್ಲಿ ಪೆಟ್ಟಿಗೆ, ಹೊಲಿಗೆ ಯಂತ್ರ ಯಾವುದೂ ಇರಲಿಲ್ಲ. ಒಲೆಯ ಮೇಲೆ ಅಡುಗೆ ಇತ್ತು. ಮಂಚದ ಮೇಲೆ ಅಂಚು ಹೊಲಿದ ಎರಡು ಹೊಸ ಚಾದರ. ಕಿಟಕಿಯ ಕಟ್ಟೆಯ ಮೇಲೆ, ಕಿತ್ತ ಗಿಡಗಳ ಬಿಳಿ ಕಡ್ಡಿಗಳನ್ನು ತೊಳೆದು ರಬ್ಬರಿನಿಂದ ಕಟ್ಟಿಟ್ಟಿದ್ದಳು. ಅವುಗಳನ್ನು ನೋಡಿ ಇನ್ನಷ್ಟು ಸಿಟ್ಟು ಬಂತು. ಸತ್ತವರ ಬಟ್ಟೆ ಒಗೆದು ಮಡಚಿಟ್ಟ ಹಾಗೆ.

ಪೊರಕೆಯನ್ನು ಬಿಟ್ಟು ಹೋಗಿದ್ದಾಳೆ.

ಏಪ್ರಿಲ್ 28, ಭಾನುವಾರ

ಮನೆ ಶಾಂತವಾಗಿದೆ, ಹಿತವಾಗಿದೆ. ಯಾರೂ ಏನನ್ನೂ ಸರಿಸುವುದಿಲ್ಲ. ಕುರ್ಚಿಯನ್ನು ಹಳೆಯ ಜಾಗಕ್ಕೆ ಇಡಬೇಕು, ನಾಳೆ ಇಟ್ಟರಾಯಿತು.

ಬೆಳಿಗ್ಗೆ ಎರಡು ಲೋಟ ಚಹಾ ಮಾಡಿದೆ. ಕೈ ತಪ್ಪಿ. ಎರಡನ್ನೂ ನಾನೇ ಕುಡಿದೆ, ಎರಡನೆಯದು ಆರಿ ಹೋಗಿತ್ತು.

ಸಂಜೆ ಗುಡಿಸಿದೆ. ಪೊರಕೆ ಇತ್ತಲ್ಲ, ಅದಕ್ಕೆ.

ಮೇ 2, ಗುರುವಾರ

ನಿರ್ದೇಶಕಿಗೆ ಎಷ್ಟು ದಿನ ಮುಚ್ಚಿಡುವುದು? ಇಂದು ಅವಳ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಪ್ರಯೋಗ ಹಾಳಾಯಿತು, ಉದುರುವ ಗಿಡಗಳನ್ನೆಲ್ಲ ನನ್ನ ಅಕ್ಕ ಕಿತ್ತು ಎಸೆದಳು, ಉದುರದ್ದನ್ನು ಮಾತ್ರ ಉಳಿಸಿದ್ದಾಳೆ, ನನ್ನ ಹತ್ತಿರ ಹೇಳಿಕೊಳ್ಳುವುದಕ್ಕೆ ಏನೂ ಇಲ್ಲ ಎಂದೆ.

ಅವಳು ತುಟಿ ಕಚ್ಚಿಕೊಂಡು ಕೇಳುತ್ತಿದ್ದಳು. ಅಳು ತಡೆಯುತ್ತಿದ್ದಾಳೆ ಎಂದುಕೊಂಡೆ. ನಗು ತಡೆಯುತ್ತಿದ್ದಳು.

"ಸರ್, ಇನ್ನೊಂದು ಸಲ ಹೇಳಿ" ಎಂದಳು. "ಉದುರೋದನ್ನೆಲ್ಲ ಕಿತ್ರು. ಉದುರದೇ ಇರೋದನ್ನ ಉಳಿಸಿದ್ರು. ನೀವು ಮಾಡ್ಬೇಕಾಗಿದ್ದೂ ಅದನ್ನೇ ಅಲ್ವಾ, ಎರಡನ್ನೂ ಬೇರೆ ಬೇರೆ ಮಾಡೋದು?"

ನನಗೆ ಕಿವಿಯವರೆಗೂ ಬಿಸಿಯಾಯಿತು. ಶೀತಪೆಟ್ಟಿಗೆಯ ಎಲೆಗಳಿಗೆ ಹೊಂದಿಸಲು ಸಂಖ್ಯೆ ಬರೆದ ಕಡ್ಡಿಗಳು ಬೇಕಲ್ಲ, ಅವನ್ನೂ ಎಸೆದರಾ ಎಂದು ಕೇಳಿದಳು. ಇಲ್ಲ, ತೊಳೆದು ಕಟ್ಟಿಟ್ಟಿದ್ದಾಳೆ ಎನ್ನುವಾಗ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ನಿರ್ದೇಶಕಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಪರವೂರಿನಲ್ಲಿ ನಾನು ಭಾಷಣ ಮಾಡುವಾಗ ಅವಳು ಮೊದಲ ಸಾಲಿನಲ್ಲೇ ಕೂತಿದ್ದಳು. ಯಾವಾಕೆಯೋ ತೆನೆ ಕೊಯ್ಯಲು ಹೋದಳು ಎಂದು ನಾನು ಹೇಳುತ್ತಿದ್ದ ಹೊತ್ತಿನಲ್ಲೇ ನನ್ನ ತಾರಸಿಯಲ್ಲಿ ಅಕ್ಕ ಅದನ್ನು ಮಾಡುತ್ತಿದ್ದಳು.

ಮೇ 3, ಶುಕ್ರವಾರ

ಕಡ್ಡಿಗಳನ್ನು ಎಣಿಸಿದೆ, ಅರವತ್ತಾರು. ನಿಂತಿರುವ ಗಿಡಗಳು ಇಪ್ಪತ್ತೇಳು. ಅವುಗಳನ್ನೆಲ್ಲ ಒಂದೊಂದಾಗಿ ಹಿಡಿದು ಎಳೆದು ನೋಡಿದೆ. ಇಪ್ಪತ್ತೈದು ಕಾಳನ್ನು ಬಿಗಿಯಾಗಿ ಹಿಡಿದುಕೊಂಡಿವೆ, ಎರಡು ಉದುರಿಸಿದವು. ಆ ಎರಡು ಉದುರುವ ಗಿಡಗಳನ್ನು ಅಕ್ಕ ಯಾಕೆ ಉಳಿಸಿದಳು? ಇನ್ನು ಅರವತ್ತಾರು, ಇಪ್ಪತ್ತೇಳು ಸೇರಿದರೆ ತೊಂಬತ್ತಮೂರು. ಮೂರರ ಸುಳಿವಿಲ್ಲ. ಕಿತ್ತದ್ದೆಲ್ಲ ಉದುರುವ ಗಿಡಗಳೇ ಹೌದೋ ಎನ್ನುವುದೂ ಗೊತ್ತಾಗಬೇಕು. ಗೊತ್ತಿರುವುದು ಅವಳೊಬ್ಬಳಿಗೆ.

ಫೋನ್ ಮಾಡಬಹುದಿತ್ತು. ಇಂಥ ವಿಷಯವನ್ನು ಎದುರಿಗೇ ಕೇಳುವುದು ಒಳ್ಳೆಯದು, ವೈಜ್ಞಾನಿಕ ಕಾರಣಗಳಿಗಾಗಿ.

ಮೇ 5, ಭಾನುವಾರ

ಅಕ್ಕನ ಮನೆಗೆ ಹೋಗಿ ಬಂದೆ. ಬಸ್ಸಿನಲ್ಲಿ ನಾಲ್ಕನೆಯ ನಿಲ್ದಾಣ. ಒಂದು ಕೈಯಲ್ಲಿ ಕಡ್ಡಿಗಳ ಕಟ್ಟು, ಇನ್ನೊಂದರಲ್ಲಿ ತಾರಸಿಯಲ್ಲೇ ಉಳಿದುಹೋಗಿದ್ದ ಅವಳ ಮಡಚುವ ಕುರ್ಚಿ. ಬಸ್ಸಿನಲ್ಲಿ ಎಲ್ಲರೂ ದುರುಗುಟ್ಟಿ ನೋಡಿದರು.

ಬಾಗಿಲು ತೆರೆದವಳು ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಬಾ ಎಂದಳು. ಒಂದು ಕೋಣೆಯ ನೆಲ ಹೊಳೆಯುತ್ತಿತ್ತು, ಇನ್ನೊಂದರಲ್ಲಿ ಮರಳಿನ ಗುಡ್ಡೆ. ಹೇಗೆ ಶುರುಮಾಡುವುದೆಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಮೂರು ಕಡ್ಡಿ ಎಲ್ಲಿ ಅಕ್ಕ?" ಎಂದೆ.

ಅಕ್ಕನ ಮುಖ ಕೆಂಪಾಯಿತು. ಎದ್ದು ಹೋಗಿ ಹೊಲಿಗೆ ಡಬ್ಬಿಯಿಂದ ಮೂರು ಕಡ್ಡಿ ತಂದು ನನ್ನ ಮುಂದಿಟ್ಟಳು. ಕೆಳಗಿನವರ ಬೆಕ್ಕು ಉರುಳಿಸಿತಂತೆ. ಕುಂಡ ಒಡೆದು ಗಿಡ ಮುರಿಯಿತಂತೆ, ಕಾಳು ಬಲಿಯುವ ಮೊದಲೇ. ನಾನು ಬಂದಾಗ ಹೇಗೆ ಹೇಳುವುದೆಂದು ಎರಡು ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ಅರವತ್ತಾರು ಗಿಡ ಕಿತ್ತ ಬಗ್ಗೆ ಅವಳಿಗೆ ಲವಲೇಶವೂ ಅಳುಕಿರಲಿಲ್ಲ, ಅದು ಅಚ್ಚುಕಟ್ಟಾದ ಕೆಲಸ. ಅವಳ ನಿದ್ದೆ ಕೆಡಿಸಿದ್ದು ಬೆಕ್ಕು ಉರುಳಿಸಿದ ಮೂರು. ನಾನು ಬೆಕ್ಕಿನ ಲೆಕ್ಕಕ್ಕೆ ಬರುವ ಮೊದಲೇ ಅರವತ್ತಾರಕ್ಕೆ ಕೂಗಾಡಿದ್ದು ನೋಡಿ, ಇನ್ನು ಇದನ್ನೂ ಹೇಳಿದರೆ ಅಷ್ಟೇ ಎಂದು ಕಡ್ಡಿಗಳನ್ನು ಬಚ್ಚಿಟ್ಟುಕೊಂಡಳಂತೆ.

ಕಿತ್ತದ್ದನ್ನೆಲ್ಲ ಹೇಗೆ ಆರಿಸಿದೆ ಎಂದು ಕೇಳಿದೆ.

"ಹೇಗೆ ಅಂದ್ರೆ? ಹಿಡಿದು ಸ್ವಲ್ಪ ಎಳೆದೆ. ಕೈಗೆ ಬಂದಿದ್ದು ಹೊರಗೆ. ಬರದೇ ಇದ್ದದ್ದು ಒಳಗೆ."

ಉದುರಿಸುವ ಆ ಎರಡನ್ನು, ಮೂಲೆಯ ಕುಳ್ಳನನ್ನೂ ಅವನ ಪಕ್ಕದವನನ್ನೂ, ಯಾಕೆ ಬಿಟ್ಟೆ ಎಂದೆ. ಅವು ತೀರ ಸಣ್ಣವಿದ್ದವು, ಒಂದರ ಮೇಲೆ ದಿನಾ ಒಂದು ಗುಬ್ಬಿ ಬಂದು ಕೂರುತ್ತಿತ್ತು, ಪಾಪ ಅನ್ನಿಸಿತು ಎಂದಳು. ಹಾಗೆ ಪಾಪ ನೋಡಬಾರದಿತ್ತಾ ಎಂದೂ ಕೇಳಿದಳು. ನೋಡಬಹುದು, ಆದರೆ ಬರೆದಿಡಬೇಕು ಎಂದೆ.

ಹಾಗಾದರೆ ಉದುರಿಸಿದವು ಅರವತ್ತೆಂಟು, ಹಿಡಿದುಕೊಂಡವು ಇಪ್ಪತ್ತೈದು, ಬೆಕ್ಕಿನ ಪಾಲು ಮೂರು. ಸುಮಾರಾಗಿ ನಾಲ್ಕರಲ್ಲಿ ಒಂದು. ಸ್ವಲ್ಪ ಹೆಚ್ಚುಕಮ್ಮಿ ಇರುವುದರಿಂದಲೇ ನಂಬಬಹುದು. ನಾನು ಬಯಸಿದ್ದ ಉತ್ತರ ಅವಳ ಹೊಸ ನೆಲದ ಮೇಲೆ ಕಡ್ಡಿಗಳ ರೂಪದಲ್ಲಿ ಬಿದ್ದಿತ್ತು. ಕುಣಿಯಬೇಕಾಗಿತ್ತು ನಾನು. ಕುಣಿಯುವ ಹುಮ್ಮಸ್ಸು ಯಾಕೋ ಬರಲಿಲ್ಲ, ಬೇರೊಂದು ಮಾತು ಹೇಳುವುದಿತ್ತು.

ಅವತ್ತು ನಾನು ಆಡಿದ್ದು ತಪ್ಪು ಎಂದೆ. ಯಾವುದು, ಬಹಳ ಆಡಿದ್ದೀಯಲ್ಲ ಎಂದಳು. ನೀನು ಬರುವ ಮೊದಲು ಎಲ್ಲ ಸರಿಯಾಗಿತ್ತು ಎಂದೆನಲ್ಲ, ಅದು ಸುಳ್ಳು ಎಂದೆ. ಅದು ನನಗೆ ಅವತ್ತೇ ಗೊತ್ತಿತ್ತು, ನಿನ್ನ ಚಾದರ ನೋಡಿದ್ದೆನಲ್ಲ ಎಂದಳು.

ಆಮೇಲೆ ಮುಂದಿನ ಕೆಲಸದ ವಿಷಯ ತೆಗೆದೆ. ಈ ಫಲಿತಾಂಶ ನೋಡಿ ನಿರ್ದೇಶಕಿ, ನನ್ನ ನಿವೃತ್ತಿ ದಾಟಿದರೂ, ಇನ್ನೊಂದು ಬೆಳೆಗೆ ಅನುಮತಿ ಕೊಡುತ್ತಾಳೆ, ಉಳಿದ ಗಿಡಗಳ ಬೀಜ ಬಿತ್ತಿ ಅವುಗಳ ಮಕ್ಕಳೂ ಕಾಳು ಹಿಡಿದುಕೊಳ್ಳುತ್ತವೆಯೇ ಎಂದು ನೋಡಬೇಕು, ತಾರಸಿಯಲ್ಲಿ ದಿನವಿಡೀ ಯಾರಾದರೂ ಇರಬೇಕಾಗುತ್ತದೆ, ನೀರು, ಬಿಸಿಲು, ಗುಬ್ಬಿ, ಬೆಕ್ಕು ಎಂದು ಏನೇನೋ ಹೇಳುತ್ತ ಹೋದೆ. ಅಕ್ಕ ಕೈಯೆತ್ತಿ ನಿಲ್ಲಿಸಿದಳು.

"ನಾನು ಬೇಕಾಗಿರೋದು ನಿನ್ನ ಕುಂಡಕ್ಕೋ, ನಿನಗೋ? ಅದನ್ನ ಮೊದಲು ಹೇಳು."

"ನನಗೆ" ಎಂದೆ. "ಮನೆ ಬಿಕೋ ಅನ್ನುತ್ತೆ ಅಕ್ಕ. ಎರಡು ಲೋಟ ಚಹಾ ಮಾಡ್ಬಿಡ್ತೀನಿ."

ಹೇಳಿದ ಮೇಲೆ ನೆಲ ನೋಡುತ್ತ ಕೂತೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡದ್ದು ಕಂಡಿತು, ಸೆಕೆಯೂ ಇತ್ತು.

"ಬರಲ್ಲ ಕಣೋ ಪುಟ್ಟ" ಎಂದಳು ಕೊನೆಗೆ. "ಮೊದಲು ಅಪ್ಪನ ಮನೆ, ಆಮೇಲೆ ಆಸ್ಪತ್ರೆ ಮನೆ. ಈ ವಯಸ್ಸಿಗೆ ಮೊದಲನೇ ಸಲ ಬಾಗಿಲಿಗೆ ನನ್ನದೇ ಬೀಗ ಹಾಕ್ತಿದ್ದೀನಿ. ಇದನ್ನ ಬಿಟ್ಟು ಎಲ್ಲಿಗೆ ಬರಲಿ? ನೀನು ಬಾ. ಕುಂಡಗಳನ್ನ ಇಲ್ಲಿಗೇ ತಗೊಂಡು ಬಾ, ಹಿಂದುಗಡೆ ಬಿಸಿಲು ಚೆನ್ನಾಗಿದೆ, ಬೆಕ್ಕೂ ಇಲ್ಲ."

ಬರಲ್ಲ ಎಂದಾಗ ಬೇಸರವಾದದ್ದು ನಿಜ. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹಿತ್ತಿಲಿಗೆ ಹೋಗಿ ನೋಡಿದೆ, ಬಿಸಿಲು ನಿಜಕ್ಕೂ ಚೆನ್ನಾಗಿದೆ. ವಾರಕ್ಕೊಮ್ಮೆ, ಭಾನುವಾರ ಬಂದು ನೋಡಿಕೊಂಡು ಹೋಗುತ್ತೇನೆ ಎಂದೆ. ಭಾನುವಾರ ಸಾಕು ಎಂದು ಅವಳೂ ಒಪ್ಪಿದಳು.

ಮೇ 12, ಭಾನುವಾರ

ಕುಂಡಗಳು ಅಕ್ಕನ ಹಿತ್ತಿಲು ಸೇರಿದವು. ಬೀಜ ಬಿತ್ತಿದೆವು, ಅವಳು ಕಡ್ಡಿಗಳ ಮೇಲೆ ಸಂಖ್ಯೆ ಬರೆದಳು, ನನ್ನ ಅಕ್ಷರಕ್ಕಿಂತ ಎಷ್ಟೋ ದುಂಡಾಗಿವೆ. ನಿರ್ದೇಶಕಿ ನೋಡಲು ಬಂದಿದ್ದಳು. ಇವರೇನಾ ಬೆಕ್ಕಿನ ಲೆಕ್ಕ ಮುಚ್ಚಿಟ್ಟವರು ಎಂದು ಕೇಳಿ ಅಕ್ಕನಿಗೆ ಕೈಮುಗಿದಳು. ಲೇಖನದ ಕೊನೆಯಲ್ಲಿ ಅಕ್ಕನಿಗೆ ಕೃತಜ್ಞತೆ ಹೇಳಬೇಕಂತೆ. ಬೆಕ್ಕಿಗೂ ಹೇಳಿ ಎಂದಳು ಅಕ್ಕ. ಅವರಿಬ್ಬರೂ ಒಂದಾದರೆ ನನ್ನ ಗತಿ ಏನು ಎನ್ನುವುದು ಈಗಿನ ನನ್ನ ಚಿಂತೆ. ನಿರ್ದೇಶಕಿ ಹೋಗುವಾಗ ನನ್ನತ್ತ ತಿರುಗಿ "ಬರ್ತೀನಿ ಪುಟ್ಟ ಸರ್" ಎಂದಳು.

ಮೇ 16, ಗುರುವಾರ

ಇಂದು ಭಾನುವಾರವಲ್ಲ, ಆದರೂ ಹೋಗಬೇಕಾಯಿತು. ಮೊಳಕೆಯ ಕಾಲ, ಬಿಸಿಲು ಬೇರೆ ಜೋರಾಗಿದೆ. ನಿನ್ನೆ ಹೋದಾಗ ನೀರು ಸಾಲದೇನೋ ಎನ್ನಿಸಿತ್ತು, ಮೊನ್ನೆ ಹೋದಾಗ ಜಾಸ್ತಿಯಾಯಿತೇನೋ ಎಂದು. ಇಂದು ನೋಡಿದರೆ ಅಕ್ಕ ಸರಿಯಾಗಿಯೇ ಹಾಕಿದ್ದಳು. ಹೇಗೂ ಬಂದಾಯಿತೆಂದು ಊಟಕ್ಕೆ ಕೂತೆವು. ಎರಡನೆಯ ಕೋಣೆಯ ನೆಲವೂ ಆಗಿದೆ, ಅಲ್ಲಿ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿದ್ದಾಳೆ. ಯಾರಿಗೆ ಎಂದೆ. ಬೆಳಕು ಚೆನ್ನಾಗಿದೆ ಎಂದಳು.

ಹೊರಡುವಾಗ ಬಾಗಿಲಲ್ಲಿ ನನ್ನ ಅಂಗಿಯ ತೋಳು ಹಿಡಿದು ಮೆಲ್ಲಗೆ ಒಮ್ಮೆ ಎಳೆದು ನೋಡಿದಳು. "ಗಟ್ಟಿಯಾಗಿದೆ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಒಳಗೆ ಹೋದಳು. ಬಸ್ಸಿನಲ್ಲಿ ಕೂತು ನೋಡಿಕೊಂಡೆ. ಹಳೆಯ ಅಂಗಿ, ತೋಳಿನ ಹೊಲಿಗೆ ಎರಡು ಕಡೆ ಬಿಟ್ಟಿದೆ. ಬಟ್ಟೆಯ ವಿಷಯದಲ್ಲಿ ಅಕ್ಕನ ಕೈ ತಪ್ಪಿದ್ದು ಇದೇ ಮೊದಲು, ನಾಳೆ ಹೋದಾಗ ಹೇಳಬೇಕು.